ನಮ್ಮಿಂದ ಸುಳ್ಳು ಪ್ರಮಾಣ ಮಾಡಿಸಬೇಡಿ: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಮಲೆನಾಡಿನ ಏಳೆಂಟು ಮಂದಿ ಸೇರಿ ರಾಜ್ಯಮಟ್ಟದ ಹೊಸ ಪಕ್ಷವೊಂದಕ್ಕೆ ಪ್ರಣಾಳಿಕೆ ಬರೆಯುತ್ತಿದ್ದೇವೆ. ಲಿಬರ್ಟೇರಿಯನ್ ಪಕ್ಷ. ಈ ಪದಕ್ಕೆ ಕನ್ನಡ ಹುಡುಕುವುದರಲ್ಲೇ ಒಂದು ಸಂಜೆ ಕಳೆಯಿತು. 'ಉದಾರವಾದಿ' ಎಂದು ಹಾಕಿಕೊಂಡರೆ ಊರಿನವರೆಲ್ಲ ಚಂದಾ ಕೇಳಲು ಬರುತ್ತಾರೆ ಎಂದು ಗೆಳೆಯರೊಬ್ಬರು ಹೆದರಿಸಿದರು. ಹೆಸರು ಪಕ್ಕಕ್ಕಿಟ್ಟು ಮೊದಲ ವಾಕ್ಯ ಬರೆದೆವು: ಇನ್ನೊಬ್ಬರಿಗೆ ಕೇಡು ಮಾಡದವನ ದುಡಿಮೆ, ಆಸ್ತಿ, ಮಾತಿನ ತಂಟೆಗೆ ಸರ್ಕಾರ ಹೋಗಬಾರದು.

ಇದು ನಮಗೆ ಪುಸ್ತಕದಿಂದ ಬಂದದ್ದಲ್ಲ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಮನೆಬಳಕೆಗೆ, ಬಿತ್ತನೆಗೆ ಇಷ್ಟು ಎಂದು ಉಳಿಸಿಕೊಂಡು ಮಿಕ್ಕದ್ದೆಲ್ಲ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಹಾಕಿ ಮಾರುವ ಕಾಫಿ ಮಂಡಳಿಗೆ. ಚೆರ್ರಿ ಒಣಗಿಸಿ, ಮೂಟೆ ಹೊಲಿದು, ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಸಾಗಿಸಿದ ಮೇಲೆ ಅಪ್ಪನ ಕೈಯಲ್ಲಿ ಉಳಿಯುತ್ತಿದ್ದದ್ದು ಒಂದು ರಸೀದಿ. ದುಡ್ಡು ಕಂತುಕಂತಾಗಿ ಬರುತ್ತಿತ್ತು. ಬಾಕಿ ಕೈಸೇರುವ ಮೊದಲೇ ಮುಂದಿನ ಹೂಮಳೆ ಬಿದ್ದಿರುತ್ತಿತ್ತು. ಆ ಕಟ್ಟು ಪೂರ್ತಿ ಬಿಚ್ಚಿದ್ದು 1996ರಲ್ಲಿ. ಆಮೇಲೆ ಬೆಲೆ ಕುಸಿದಾಗ ನಾವೇ ಸರ್ಕಾರದ ಬಾಗಿಲು ತಟ್ಟಿದೆವು, ಸುಳ್ಳೇಕೆ ಹೇಳಲಿ. 'ಪರಿಹಾರ ಬೇಡ' ಎಂಬ ಸಾಲಿನ ಬಗ್ಗೆ ನಮ್ಮಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಆದರೆ ನಿಮಗೆ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಜನಪ್ರತಿನಿಧಿ ಕಾಯ್ದೆಯ 29ಎ ಕಲಮು, 1989ರಿಂದೀಚೆಗೆ, ನೋಂದಣಿ ಬಯಸುವ ಪ್ರತಿ ಪಕ್ಷವೂ ಸಂವಿಧಾನದ ಜೊತೆಗೆ ಸಮಾಜವಾದಕ್ಕೂ ನಿಷ್ಠೆ ತೋರಬೇಕು ಎನ್ನುತ್ತದೆ. ಸಂವಿಧಾನಕ್ಕೆ, ಪ್ರಜಾಪ್ರಭುತ್ವಕ್ಕೆ, ಜಾತ್ಯತೀತತೆಗೆ ನಾವು ಮನಸಾರೆ ಸಹಿ ಹಾಕುತ್ತೇವೆ. ಸಮಾಜವಾದಕ್ಕೆ ಹೇಗೆ ಹಾಕುವುದು? 1959ರಲ್ಲಿ ಪರ್ಮಿಟ್-ಲೈಸೆನ್ಸ್ ರಾಜ್, ಅಂದರೆ ಉದ್ಯಮಕ್ಕೆಲ್ಲ ಸರ್ಕಾರದ ಪರವಾನಗಿ ಬೇಕೆನ್ನುವ ವ್ಯವಸ್ಥೆಯ ವಿರುದ್ಧ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷ 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದಿತು. ಈಗಿನ ನಿಯಮ ಆಗ ಇದ್ದಿದ್ದರೆ ಅವರೂ ಈ ಪ್ರಮಾಣ ಮಾಡಿಯೇ ನೋಂದಾಯಿಸಬೇಕಿತ್ತು!

ನಮ್ಮ ದೇಶದಲ್ಲಿ ಸಮಾಜವಾದವೆಂದರೆ ಕಲ್ಯಾಣ ರಾಜ್ಯ, ಅದು ಖಾಸಗಿ ಉದ್ಯಮಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸಂವಿಧಾನದ ಪೀಠಿಕೆಯಲ್ಲಿರುವ ಆ ಪದದ ಕುರಿತು ಹೇಳಿದೆ. ಅಷ್ಟು ಹಿಗ್ಗುವ ಪದವಾದರೆ ಅದರ ಮೇಲೆ ಪ್ರಮಾಣ ಮಾಡಿಸುವುದೇಕೆ? ಸಮಾಜವಾದಿ ಪಕ್ಷಗಳು ಇರಲಿ, ಬೆಳೆಯಲಿ. ಅವರೊಡನೆ ಮತದಾರರ ಮುಂದೆ ವಾದಿಸಲು ನಮಗೂ ಜಾಗ ಬೇಕು.

ಸಂಸದರು ತಾವೇ ಮಂಡಿಸುವ ಖಾಸಗಿ ಮಸೂದೆಗಳ ಶುಕ್ರವಾರದ ಹೊತ್ತಿನಲ್ಲಿ, ಆ ಕಲಮಿನಿಂದ ಒಂದೇ ಒಂದು ಪದ ತೆಗೆಯುವ ಮಸೂದೆ ಮಂಡಿಸಿ. ನೀವು ನಮ್ಮ ಪ್ರಣಾಳಿಕೆಯನ್ನು ಒಪ್ಪಬೇಕಿಲ್ಲ. ಅರ್ಜಿಯ ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಕಾಫಿ ಬೆಳೆಗಾರ