ಶನಿವಾರದ ಚರ್ಚೆಗೆ ಮುನ್ನ

ಎಲ್ಲರಿಗೂ ನಮಸ್ಕಾರ. ಈ ಸಲದ ವಿಷಯ: ಜೀವಾಪಾಯದಲ್ಲಿರುವ ಮಕ್ಕಳ ಚಿಕಿತ್ಸೆಯ ಸಂಶೋಧನೆಗೆ ಹಲವು ದೇಶಗಳು ಯಾಕೆ ಕೈಜೋಡಿಸಬೇಕು? ಒಂದೇ ಆಸ್ಪತ್ರೆಗೆ ಇಂಥ ಮಕ್ಕಳು ಬರುವುದು ಕಡಿಮೆ, ಅಲ್ವಾ?

ಮಕ್ಕಳಿಗೆ ಡ್ರಿಪ್ ಏರಿಸುವ ಬಗೆಗಿನ ಫೀಸ್ಟ್ (FEAST) ಅಧ್ಯಯನವನ್ನು ತಪ್ಪದೆ ಓದಿ ಬನ್ನಿ. ಕೀನ್ಯಾ, ಉಗಾಂಡಾ, ಟಾಂಜಾನಿಯಾದ 3,141 ಮಕ್ಕಳು. ಜ್ವರ ಜೋರಾಗಿ, ಕೈಕಾಲು ತಣ್ಣಗಾಗಿ ಬಂದ ಮಗುವಿಗೆ ಬೇಗಬೇಗ ಡ್ರಿಪ್ ಏರಿಸಬೇಕು ಅನ್ನುವುದು ಆಗಿನ ರೂಢಿ. ಆದರೆ ಹಾಗೆ ಏರಿಸಿದ ಗುಂಪುಗಳಲ್ಲೇ ಸಾವು ಜಾಸ್ತಿ! 48 ಗಂಟೆಯೊಳಗೆ ಸುಮಾರು ಶೇ. 10.5, ಹಾಗೆ ಬೇಗಬೇಗ ಏರಿಸದವರಲ್ಲಿ 7.3. ಅಲ್ಲಿ ಐಸಿಯು ಸೌಲಭ್ಯ ಇರಲಿಲ್ಲ. ಹಾಗಾಗಿ ಇದು ಎಲ್ಲ ಕಡೆಗೂ ಹೊಂದುತ್ತಾ ಅನ್ನುವ ವಾದ ಅಧ್ಯಯನ ಪ್ರಕಟವಾದ 2011ರಿಂದಲೂ ನಡೆದಿದೆ. ನಮ್ಮ ಮಾತೂ ಅಲ್ಲಿಂದಲೇ ಶುರುವಾಗಲಿ.

ಸಮಯ ಉಳಿದರೆ ಮಕ್ಕಳಲ್ಲಿ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಟ್ಟು ಜೀವಕ್ಕೆ ಅಪಾಯವಾಗುವ ಸ್ಥಿತಿ) ಗುರುತಿಸುವ 2024ರ ಫೀನಿಕ್ಸ್ ಮಾನದಂಡ. ಸುಮ್ನೆ ಕೇಳಿ ಹೋಗುವುದು ಬೇಡ, ಒಂದೊಂದು ಪ್ರಶ್ನೆ ತನ್ನಿ.