ಕೇಳಿದ್ದು ಚಿಪ್, ಕೊಟ್ಟಿದ್ದು ಸ್ಕ್ರೀನ್

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಗೇಮಿಂಗ್ ಬಗ್ಗೆ ಬಂದ ಲೇಖನ ಓದಿದೆ. ಗೇಮ್ ಆಡುವವರಿಗೆ ಏನು ಕೊಟ್ಟರೂ ಸಾಲದು, 2021ರಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಸ್ವಿಚ್ ಮೆಷಿನ್‌ಗೆ ಒಎಲ್‌ಇಡಿ ಅನ್ನುವ, ಬಣ್ಣ ಚೆನ್ನಾಗಿ ಕಾಣುವ ಸ್ಕ್ರೀನ್ ಕೊಟ್ಟಾಗ ಬೈದರು, 2025ರಲ್ಲಿ ಸ್ವಿಚ್ 2ಗೆ ಸಾದಾ ಎಲ್‌ಸಿಡಿ ಸ್ಕ್ರೀನ್ ಹಾಕಿದಾಗ ಒಎಲ್‌ಇಡಿ ಎಲ್ಲಿ ಅಂತ ಮತ್ತೆ ಬೈದರು ಅನ್ನುವುದು ಅದರ ಸಾರಾಂಶ. ಓದಿ ನಗು ಬಂತು. ಸ್ವಲ್ಪ ಸಿಟ್ಟೂ ಬಂತು. ಬೈದವರಲ್ಲಿ ನಾನೂ ಒಬ್ಬ. ಯಾಕೆ ಬೈದೆವು ಅನ್ನುವುದು ಮಾತ್ರ ಲೇಖನದಲ್ಲಿ ಎಲ್ಲೂ ಇಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಿದ್ದರೆ ಹಾಕಿ, ಆದರೆ ಕಂಟ್ರೋಲರ್ ಸ್ಟಿಕ್ಕಿನ ವಿಷಯ ದಯವಿಟ್ಟು ಬಿಡಬೇಡಿ.

ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಸ್ವಿಚ್ ಅಂದರೆ ಕೈಯಲ್ಲಿ ಹಿಡಿದು ಆಡುವ, ಬೇಕೆಂದಾಗ ಡಾಕ್ ಅನ್ನುವ ಸ್ಟ್ಯಾಂಡ್‌ನಲ್ಲಿಟ್ಟು ಟಿವಿಯಲ್ಲೂ ಆಡಬಹುದಾದ ಗೇಮ್ ಕನ್ಸೋಲ್. 2017ರ ಮಾರ್ಚ್ 3ಕ್ಕೆ ಬಂತು, ಅಮೆರಿಕದಲ್ಲಿ ಬೆಲೆ 300 ಡಾಲರ್. ಅದರೊಳಗಿನ ಎನ್‌ವಿಡಿಯಾ ಟೆಗ್ರಾ ಎಕ್ಸ್1 ಚಿಪ್ 2015ರದ್ದು. ಅಂದರೆ ಅಂಗಡಿಗೆ ಬಂದ ದಿನವೇ ಅದು ಎರಡು ವರ್ಷ ಹಳೆಯ ಚಿಪ್. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಂಟೆಂಡೊದ್ದೇ ಆದ ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್ ಅಂಥ ದೊಡ್ಡ ಗೇಮ್ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಆಡಬಹುದು ಅಂದರೆ ಚಿಪ್ ಯಾವ ಇಸವಿಯದು ಅಂತ ಯಾರು ಕೇಳುತ್ತಾರೆ?

ಕೇಳುವ ಕಾಲ ಆಮೇಲೆ ಬಂತು. 2019ರಲ್ಲಿ ವಿಚರ್ 3 ಅನ್ನುವ ಭಾರೀ ಗೇಮನ್ನು ಅದರೊಳಗೆ ತುರುಕಿದರು. ತುರುಕಿದ್ದೇ ಸಾಧನೆ, ಚಿತ್ರ ಮಾತ್ರ ಮಸುಕು ಮಸುಕು. 2020ರ ಕೊನೆಗೆ ಬಂದ ಹೈರೂಲ್ ವಾರಿಯರ್ಸ್ ಗೇಮ್‌ನಲ್ಲಿ ಶತ್ರುಗಳು ಗುಂಪಾಗಿ ಬಂದರೆ ಆಟವೇ ತಡವರಿಸುತ್ತಿತ್ತು, ಅದೂ ಜೆಲ್ಡಾ ಕುಟುಂಬದ್ದೇ ಗೇಮ್. ಕಂಟ್ರೋಲ್, ಹಿಟ್‌ಮ್ಯಾನ್ 3 ಥರದವು ಸ್ವಿಚ್ಚಿನ ಮೇಲೆ ಓಡಲೇ ಇಲ್ಲ. ಕ್ಲೌಡ್ ಆವೃತ್ತಿ ಅಂತ ಬಂದವು. ಅಂದರೆ ಗೇಮ್ ಇನ್ನೆಲ್ಲೋ ಸರ್ವರ್‌ನಲ್ಲಿ ಓಡುತ್ತದೆ, ನಿಮ್ಮ ಕೈಯಲ್ಲಿರುವ ಮೆಷಿನ್ ಸುಮ್ನೆ ವಿಡಿಯೊ ತೋರಿಸುತ್ತದೆ.

ಇದರ ಮಧ್ಯೆ ಹೆಚ್ಚು ತಾಕತ್ತಿನ 'ಸ್ವಿಚ್ ಪ್ರೊ' ಬರುತ್ತದಂತೆ ಅನ್ನುವ ಸುದ್ದಿ ಶುರುವಾಯಿತು. 4ಕೆಗೆ, ಅಂದರೆ ಟಿವಿಯಲ್ಲಿ ತುಂಬಾ ಸ್ಪಷ್ಟವಾಗಿ ಕಾಣುವ ಚಿತ್ರಕ್ಕೆ, ಸಿದ್ಧ ಆಗಿ ಅಂತ ನಿಂಟೆಂಡೊದವರು ಗೇಮ್ ಮಾಡುವವರಿಗೆ ಹೇಳಿದ್ದಾರಂತೆ ಅಂತ 2020ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆಯಿತು. 2021ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್‌ನ 7 ಇಂಚಿನ ಒಎಲ್‌ಇಡಿ, ಟಿವಿಗೆ ಹಾಕಿದರೆ 4ಕೆ ಅಂತ ಮತ್ತೆ ಬರೆಯಿತು. ಜೂನ್‌ನ ಇ3 ಗೇಮಿಂಗ್ ಮೇಳದಲ್ಲಿ ನಿಂಟೆಂಡೊ ಹೊಸ ಮೆಷಿನ್ ತೋರಿಸಲಿಲ್ಲ. ಜುಲೈ 6ಕ್ಕೆ ಇದ್ದಕ್ಕಿದ್ದಂತೆ ಒಂದು ವಿಡಿಯೊ ಬಿಟ್ಟಿತು. ಸ್ವಿಚ್ ಒಎಲ್‌ಇಡಿ ಮಾಡೆಲ್. ಅಕ್ಟೋಬರ್ 8ಕ್ಕೆ ಬಿಡುಗಡೆ, ಬೆಲೆ 350 ಡಾಲರ್.

ಬ್ಲೂಮ್‌ಬರ್ಗ್ ಹೇಳಿದ ಸ್ಕ್ರೀನ್ ನಿಜವಾಗಿತ್ತು. ಮಿಕ್ಕಿದ್ದು ಇರಲಿಲ್ಲ. 6.2 ಇಂಚಿದ್ದದ್ದು 7 ಇಂಚಾಯಿತು, ರೆಸಲ್ಯೂಷನ್ ಅದೇ 720ಪಿ. ಸ್ಟೋರೇಜ್ 32 ಜಿಬಿಯಿಂದ 64ಕ್ಕೆ ಏರಿತು. ಹಿಂದೆ ಆಸರೆಗೆ ಇದ್ದ ಪುಟಾಣಿ ಕಡ್ಡಿಯ ಬದಲು ಅಗಲವಾದ ಸ್ಟ್ಯಾಂಡ್ ಬಂತು, ಅದು ಮೊದಲೇ ಬರಬೇಕಿತ್ತು. ಸ್ಪೀಕರ್ ಸುಧಾರಿಸಿತು. ಡಾಕ್‌ಗೆ ಲ್ಯಾನ್ ವೈರ್ ಚುಚ್ಚುವ ಜಾಗ ಕೊಟ್ಟರು. ಬ್ಯಾಟರಿ ಅಷ್ಟೇ. ಚಿಪ್ ಬಗ್ಗೆ ಕೇಳಿದವರಿಗೆ ಹೊಸ ಸಿಪಿಯು ಇಲ್ಲ, ಜಾಸ್ತಿ ರ‍್ಯಾಮ್ ಕೂಡ ಇಲ್ಲ ಅಂತ ಕಂಪನಿಯೇ ಸ್ಪಷ್ಟ ಮಾಡಿತು. ಟಿವಿಗೆ ಹಾಕಿ ಆಡುವವನಿಗೆ 50 ಡಾಲರ್ ಜಾಸ್ತಿ ಕೊಟ್ಟರೂ ಸಿಗುತ್ತಿದ್ದದ್ದು ಲ್ಯಾನ್ ವೈರಿನ ಜಾಗ, ಜಾಸ್ತಿ ಸ್ಟೋರೇಜ್ ಅಷ್ಟೇ.

ನಿಮ್ಮ ಲೇಖಕರ ಒಂದು ಮಾತು ಒಪ್ಪುತ್ತೇನೆ. 4ಕೆ ಕೊಡುತ್ತೇನೆ ಅಂತ ನಿಂಟೆಂಡೊ ಯಾವತ್ತೂ ಮಾತು ಕೊಟ್ಟಿರಲಿಲ್ಲ. 'ಪ್ರೊ' ಅನ್ನುವ ಹೆಸರೂ ಅವರದಲ್ಲ. ಹಾಗಂತ ಬೇಸರ ಪೂರ್ತಿ ಗಾಳಿಸುದ್ದಿಯಿಂದ ಹುಟ್ಟಿದ್ದು ಅಂದರೆ ಒಪ್ಪುವುದಿಲ್ಲ. ಗಾಳಿಸುದ್ದಿಯೇ ಇಲ್ಲದಿದ್ದರೂ ಗೇಮ್‌ಗಳು ತಡವರಿಸುತ್ತಿದ್ದವು, ಅದು ಕಣ್ಣಿಗೆ ಕಾಣುತ್ತಿತ್ತು. ಆಡುವವರ ದೂರು ಕಂಪನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಮೊದಲನೇ ದೂರು ಸ್ಟಿಕ್. ಎರಡನೇದು ಚಿಪ್. ಸ್ಕ್ರೀನ್ ಎಲ್ಲೋ ಆಮೇಲೆ ಬರುತ್ತಿತ್ತು.

ಸ್ಟಿಕ್ ವಿಷಯಕ್ಕೆ ಬರುತ್ತೇನೆ. ಸ್ವಿಚ್ಚಿನ ಎರಡು ಬದಿಗೆ ಜಾಯ್‌ಕಾನ್ ಅಂತ ಎರಡು ಕಂಟ್ರೋಲರ್ ಇರುತ್ತವೆ. ಆಟದೊಳಗಿನ ಮನುಷ್ಯನನ್ನು ನಡೆಸಲು ಬೆರಳಿನಿಂದ ತಳ್ಳುವ ಪುಟ್ಟ ಕಡ್ಡಿಯೇ ಸ್ಟಿಕ್. ಬಳಸುತ್ತಾ ಹೋದ ಹಾಗೆ ಅದು ಒಳಗೆ ಸವೆದು, ನೀವು ಮುಟ್ಟದಿದ್ದರೂ ಆಟದೊಳಗಿನ ಮನುಷ್ಯ ತಾನಾಗಿ ನಡೆಯಲು ಶುರು ಮಾಡುತ್ತಾನೆ. ಡ್ರಿಫ್ಟ್ ಅಂತಾರೆ. 2019ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೇ ಹೋದರು. 2020ರ ಜೂನ್‌ನಲ್ಲಿ ಷೇರುದಾರರ ಸಭೆಯಲ್ಲಿ ಅಧ್ಯಕ್ಷ ಫುರುಕಾವಾ ಕ್ಷಮೆ ಕೇಳಿದರು. ಒಂದು ವರ್ಷ ಕಳೆದು ಹೊಸ ಮಾಡೆಲ್ ಬಂತು, ಜಾಯ್‌ಕಾನ್ ಬದಲಾಗಿಲ್ಲ ಅಂತ ಮೊದಲಿಗೆ ಹೇಳಿದರು. ಬಿಳಿ ಬಣ್ಣದ್ದೂ ಬಂತು, ಅಷ್ಟೇ. ಬಿಡುಗಡೆ ಹತ್ತಿರ ಬಂದಾಗ ಸ್ಟಿಕ್ಕನ್ನು ಸುಧಾರಿಸುತ್ತಲೇ ಇದ್ದೇವೆ, ಆದರೆ ಒಂದಕ್ಕೊಂದು ತಗಲುವ ಭಾಗ ಸವೆಯುವುದನ್ನು ತಪ್ಪಿಸಲು ಆಗುವುದಿಲ್ಲ, ಕಾರಿನ ಟೈರ್ ಸವೆಯುವುದಿಲ್ಲವೇ ಅಂತ ಅವರ ಹಾರ್ಡ್‌ವೇರ್ ಮುಖ್ಯಸ್ಥರಲ್ಲಿ ಒಬ್ಬರಾದ ಕೋ ಶಿಯೋಟಾ ವಿವರಿಸಿದರು. ಸರಿ ಸ್ವಾಮಿ. ಟೈರ್ ಸವೆದರೆ ತಾಲ್ಲೂಕು ಕೇಂದ್ರದಲ್ಲೇ ಹಾಕಿಸಿಕೊಳ್ಳಬಹುದು, ನಿಮ್ಮ ಸ್ಟಿಕ್ ಸವೆದರೆ ನಾನು ಎಲ್ಲಿಗೆ ಹೋಗಲಿ?

ಇದು ಕುಹಕ ಅಲ್ಲ, ನಿಜವಾದ ಪ್ರಶ್ನೆ. ಸ್ವಿಚ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬರಲಿಲ್ಲ. ಆಡುವವರು ಮಾತ್ರ ಇದ್ದೇವೆ. ಬೆಂಗಳೂರಿನ ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಕಡೆ ಹೊರದೇಶದಿಂದ ತರಿಸಿದ್ದನ್ನು ಕೊಳ್ಳುತ್ತೇವೆ, ಇಲ್ಲವೇ ಅಮೆರಿಕ, ದುಬೈ, ಸಿಂಗಪುರದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುತ್ತೇವೆ. ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಭಾರತ ಅನ್ನುವ ದೇಶವೇ ಇಲ್ಲದ ಕಾರಣ ಅಕೌಂಟ್‌ನಲ್ಲಿ ಬೇರೆ ದೇಶ ಹಾಕಿಕೊಂಡು ಗೇಮ್ ತಗೊಳ್ಳಬೇಕು. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ದೂರು ಕೊಟ್ಟು ಹಟ ಹಿಡಿದ ಮೇಲೆ, 2023ರಲ್ಲಿ, ವಾರಂಟಿ ಮುಗಿದಿದ್ದರೂ ಸ್ಟಿಕ್ ರಿಪೇರಿ ಉಚಿತ ಅಂತಾಯಿತು. ಒಳ್ಳೇದೇ. ನಮಗೆ ಅದರಿಂದ ನಯಾಪೈಸೆ ಉಪಯೋಗ ಇಲ್ಲ. ಇಲ್ಲಿ ಸ್ಟಿಕ್ ಹೋದರೆ ಮೊಬೈಲ್ ರಿಪೇರಿಯವರನ್ನು ಹಿಡಿದು ಯಾವುದೋ ಬಿಡಿಭಾಗ ಹಾಕಿಸಬೇಕು. ಹಾಗಾಗಿ ಹೊಸ ಮಾಡೆಲ್‌ನಲ್ಲಿ ಸ್ಟಿಕ್ ಗಟ್ಟಿಯಾಗಿರಲಿ ಅಂತ ಬಯಸುವುದಕ್ಕೆ ಅಲ್ಲಿಯವರಿಗಿಂತ ನಮಗೇ ಜಾಸ್ತಿ ಕಾರಣ ಇದೆ.

350 ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 26 ಸಾವಿರ ರೂಪಾಯಿ. ತರಿಸಿದವರ ಲಾಭ ಎಲ್ಲಾ ಸೇರಿ ಇಲ್ಲಿ ಅದಕ್ಕಿಂತ ಮೇಲೆಯೇ. ಇಷ್ಟು ದುಡ್ಡನ್ನು ಆಟಕ್ಕೆ ಹಾಕುವುದಕ್ಕೆ ಮನೆಯಲ್ಲಿ ಒಪ್ಪಿಸುವುದು ಬೇರೆ ಕಥೆ, ಅದು ಇಲ್ಲಿ ಬೇಡ. ಒಂದು ಸಲ ಕೊಂಡರೆ ಏಳೆಂಟು ವರ್ಷ ಅದೇ. ಆ ವರ್ಷ ಕೊರೊನಾ ಎರಡನೇ ಅಲೆ, ವಿಮಾನ ಇಲ್ಲ, ಬರುವ ನೆಂಟರೂ ಇಲ್ಲ. ಹೇಗೂ ಪ್ರೊ ಬರುತ್ತದಂತೆ, ಕಾದರೆ ಅದೇ ಸಿಗುತ್ತದೆ ಅಂತ ನಮ್ಮ ಗುಂಪಿನಲ್ಲಿ ಎಷ್ಟೋ ಜನ ಸುಮ್ಮನಿದ್ದರು. ಕಾದು ಕಾದು ಜುಲೈ 6ರ ರಾತ್ರಿ ಆ ವಿಡಿಯೊ ನೋಡಿದವರ ಮುಖ ನೀವು ನೋಡಬೇಕಿತ್ತು.

ಈಗ ನಿಮ್ಮ ಲೇಖಕರ ಮುಖ್ಯ ವಾದಕ್ಕೆ ಬರೋಣ. ಸಣ್ಣ ಬದಲಾವಣೆ ಮಾಡಿದರೆ ಫ್ಯಾನ್‌ಗಳು ಬೈಯುತ್ತಾರೆ ಅನ್ನುವುದೇ ಸುಳ್ಳು. 2019ರಲ್ಲಿ ಇದೇ ನಿಂಟೆಂಡೊ ಇದೇ ಚಿಪ್ಪನ್ನು ಇನ್ನೂ ಸಣ್ಣದಾಗಿ ಮಾಡಿಸಿ ಸ್ವಿಚ್ಚಿನ ಒಳಗೆ ಹಾಕಿತು. ಎರಡೂವರೆಯಿಂದ ಆರೂವರೆ ಗಂಟೆ ಬರುತ್ತಿದ್ದ ಚಾರ್ಜ್ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರತೊಡಗಿತು. ಹೊಸ ಹೆಸರಿಲ್ಲ, ಗದ್ದಲ ಇಲ್ಲ, ಡಬ್ಬ ಪೂರ್ತಿ ಕೆಂಪಾಯಿತು ಅಷ್ಟೇ. ಬೆಲೆ ಅದೇ 300. ಒಬ್ಬರಾದರೂ ಬೈದರಾ? ಅಂಗಡಿಯಲ್ಲಿ ಕೆಂಪು ಡಬ್ಬವೇ ಕೊಡಿ ಅಂತ ಹುಡುಕಿ ತಗೊಂಡರು.

ಇನ್ನೂ ಹಿಂದಕ್ಕೆ ಹೋಗಿ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ್ದೇ ಮೆಷಿನ್, 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಸ್ಕ್ರೀನಿನಲ್ಲಿ ಬೆಳಕೇ ಇರಲಿಲ್ಲ. ಕಿಟಕಿ ಪಕ್ಕ ಕೂರಬೇಕು, ಇಲ್ಲ ಟ್ಯೂಬ್‌ಲೈಟ್ ಕೆಳಗೆ. ಎರಡು ಪೆನ್ಸಿಲ್ ಸೆಲ್ ಬೇರೆ. 2003ರಲ್ಲಿ ಎಸ್‌ಪಿ ಅಂತ ಮಾಡೆಲ್ ಬಂತು. ಅದೇ ಚಿಪ್, ಅದೇ ಗೇಮ್‌ಗಳು. ಆದರೆ ಬೆಳಕು ಬಂತು, ಚಾರ್ಜ್ ಮಾಡುವ ಬ್ಯಾಟರಿ ಬಂತು, ಮಡಚಿ ಜೇಬಿಗೆ ಹಾಕುವ ಹಾಗಾಯಿತು. ಹೆಡ್‌ಫೋನ್ ಜಾಕ್ ಕಿತ್ತುಹಾಕಿದ್ದರು, ಪುಣ್ಯಾತ್ಮರು, ಅದಕ್ಕೆ ಬೇರೆ ಅಡಾಪ್ಟರ್ ಕೊಳ್ಳಬೇಕಿತ್ತು. ಆದರೂ ಜನ ಖುಷಿಪಟ್ಟರು, ಯಾಕೆಂದರೆ ಎರಡು ವರ್ಷ ದೂರು ಹೇಳಿದ್ದು ಅದೇ ಬೆಳಕಿನ ಬಗ್ಗೆ. ಹಾರ್ಡ್‌ವೇರ್ ಬದಲಾವಣೆ ದೊಡ್ಡದೋ ಚಿಕ್ಕದೋ ಅನ್ನುವುದು ನಮಗೆ ಮುಖ್ಯವೇ ಅಲ್ಲ. ಹೇಳಿದ ದೂರಿಗೆ ಉತ್ತರ ಇದೆಯಾ ಅನ್ನುವುದೇ ಮುಖ್ಯ.

ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಮೆಷಿನ್‌ನ ಉದಾಹರಣೆಯೂ ಇದೆ. ಅದಕ್ಕೂ 2023ರ ನವೆಂಬರ್‌ನಲ್ಲಿ ಒಎಲ್‌ಇಡಿ ಮಾಡೆಲ್ ಬಂತು, ಅಲ್ಲೂ ಗೇಮ್ ಓಡುವ ತಾಕತ್ತು ಹೆಚ್ಚುಕಡಿಮೆ ಹಳೆಯದೇ. ಫ್ಯಾನ್‌ಗಳು ಹೊಗಳಿದರು. ಸ್ಕ್ರೀನ್ 90 ಹರ್ಟ್ಜ್, ಅಂದರೆ ಸೆಕೆಂಡಿಗೆ 90 ಸಲ ಚಿತ್ರ ಬದಲಿಸುವಂಥದ್ದು ಆಗಿತ್ತು, ಬ್ಯಾಟರಿ 40ರಿಂದ 50 ವ್ಯಾಟ್ ಅವರ್‌ಗೆ ಏರಿತ್ತು, ಒಳಗೆ ತಂಪು ಮಾಡುವ ಫ್ಯಾನಿನ ಸದ್ದು ಕಡಿಮೆಯಾಗಿತ್ತು, ಎಲ್ಲವೂ ಆಡುವವರು ದೂರಿದ್ದ ವಿಷಯಗಳೇ. ಅದಕ್ಕಿಂತ ಹೆಚ್ಚಾಗಿ, ಇನ್ನು ಒಂದೆರಡು ವರ್ಷ ದೊಡ್ಡ ವೇಗ ನಿರೀಕ್ಷಿಸಬೇಡಿ ಅಂತ ವಾಲ್ವ್‌ನವರು ಬಿಡುಗಡೆಗೆ ಮೊದಲೇ ಬಾಯಿಬಿಟ್ಟು ಹೇಳಿದ್ದರು. ಮೊದಲೇ ಗೊತ್ತಿದ್ದರೆ ಬೇಸರ ಯಾಕಾಗುತ್ತದೆ?

ನಿಂಟೆಂಡೊ ಕಡೆಯ ಒಂದು ನ್ಯಾಯವಾದ ಮಾತೂ ಇದೆ, ಅದನ್ನು ಬಿಟ್ಟರೆ ಸರಿಯಾಗುವುದಿಲ್ಲ. ಮಧ್ಯದಲ್ಲಿ ಚಿಪ್ ಬದಲಾಯಿಸಿದರೆ ಹಳೆಯ ಮೆಷಿನ್ ಇದ್ದವರು ಹೊರಗುಳಿಯುತ್ತಾರೆ. 2014ರಲ್ಲಿ ತನ್ನ ಆಗಿನ 3ಡಿಎಸ್ ಮೆಷಿನ್‌ನ ಜಾಗಕ್ಕೆ ಹೆಚ್ಚು ವೇಗದ ನ್ಯೂ 3ಡಿಎಸ್ ತಂದಾಗ ಹಾಗೇ ಆಯಿತು, ಅದರಲ್ಲಿ ಮಾತ್ರ ಓಡುವ ಗೇಮ್‌ಗಳು ಬೆರಳೆಣಿಕೆಯಷ್ಟು ಬಂದವು, ಹೆಸರಿನ ಗೊಂದಲ ಬೇರೆ. ಚಿಪ್ ಬದಲಾಯಿಸದೆಯೂ ಸ್ವಿಚ್ ಒಟ್ಟು 15 ಕೋಟಿಗೂ ಮೇಲೆ ಮಾರಾಟವಾಯಿತು. ವ್ಯಾಪಾರದ ಲೆಕ್ಕದಲ್ಲಿ ಅವರದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಇನ್ನೂ ಒಂದು ಹೇಳಿಬಿಡುತ್ತೇನೆ, ಒಎಲ್‌ಇಡಿ ಮಾಡೆಲ್‌ನ ಜೊತೆಗೆ ಅದೇ ದಿನ ಬಂದ ಮೆಟ್ರಾಯ್ಡ್ ಡ್ರೆಡ್‌ನ ಕತ್ತಲೆ ಗುಹೆಗಳನ್ನು ಆ ಸ್ಕ್ರೀನಿನಲ್ಲಿ ನೋಡಿದರೆ ಹಳೆಯ ಸ್ಕ್ರೀನಿಗೆ ವಾಪಸ್ ಹೋಗಲು ಮನಸ್ಸೇ ಬರುವುದಿಲ್ಲ. ಅಷ್ಟು ಚೆನ್ನಾಗಿದೆ.

ಆದರೆ ಕಂಪನಿಗೆ ಲಾಭವಾಯಿತು ಅಂದ ಮಾತ್ರಕ್ಕೆ ಆಡುವವನು ಬಾಯಿ ಮುಚ್ಚಿಕೊಳ್ಳಬೇಕಾ? 2022ರ ನವೆಂಬರ್‌ನಲ್ಲಿ ಪೋಕೆಮಾನ್ ಸ್ಕಾರ್ಲೆಟ್, ವೈಲೆಟ್ ಬಂದವು. ದೂರದಲ್ಲಿ ನಡೆಯುವ ಜನ ತಡೆದು ತಡೆದು ಕುಪ್ಪಳಿಸುತ್ತಿದ್ದರು, ಆಟ ಎಳೆದಾಡುತ್ತಿತ್ತು. ಅಪ್‌ಡೇಟ್ ಜೊತೆ ಕಂಪನಿ ಕ್ಷಮೆ ಕೇಳಬೇಕಾಯಿತು. ತಪ್ಪೆಲ್ಲಾ ಚಿಪ್ಪಿನದು ಅನ್ನುವುದಿಲ್ಲ, ಗೇಮ್ ಮಾಡಿದವರ ಅವಸರವೂ ಇತ್ತು, 2023ರ ಜೆಲ್ಡಾ ಗೇಮ್ ಟಿಯರ್ಸ್ ಆಫ್ ದಿ ಕಿಂಗ್‌ಡಮ್ ಅದೇ ಚಿಪ್ಪಿನ ಮೇಲೆ ಪವಾಡ ಮಾಡಿತಲ್ಲ. ಆದರೆ 2025ರ ಜೂನ್ 5ಕ್ಕೆ ಸ್ವಿಚ್ 2 ಬಂತು, ಉಚಿತ ಅಪ್‌ಡೇಟ್ ಹಾಕಿದ ಅದೇ ಪೋಕೆಮಾನ್ ಗೇಮ್ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ವೇಗದಲ್ಲಿ ನೀಟಾಗಿ ಓಡಿತು. 2021ರಲ್ಲಿ ನಾವು ಕೇಳಿದ್ದು ಇದನ್ನೇ ಅಲ್ವಾ?

ಹಾಗಾದರೆ ಸ್ವಿಚ್ 2ಗೆ ಒಎಲ್‌ಇಡಿ ಯಾಕೆ ಕೇಳಿದಿರಿ ಅಂದರೆ, ಉತ್ತರ ಸುಲಭ. 2021ರಲ್ಲಿ ಒಎಲ್‌ಇಡಿ ಕೆಟ್ಟದ್ದು ಅಂತ ಯಾರೂ ಹೇಳಲಿಲ್ಲ, ಅದೊಂದೇ ಸಾಲದು ಅಂದರು. ಒಮ್ಮೆ ಕೊಟ್ಟದ್ದನ್ನು 450 ಡಾಲರ್‌ನ ಮೆಷಿನ್‌ನಲ್ಲಿ ಕಿತ್ತುಕೊಂಡರೆ ಕೇಳುವುದು ತಪ್ಪಾ? ಇದರ ಮೇಲೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಹಳೆಯ ಒಎಲ್‌ಇಡಿ ಮಾಡೆಲ್‌ನ ಬೆಲೆಯನ್ನು 350ರಿಂದ 400 ಡಾಲರ್‌ಗೆ ಏರಿಸಿದರು. ಹತ್ತು ವರ್ಷ ಹಳೆಯ ಚಿಪ್ಪಿಗೆ! ಇದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಇಂಥ ಗ್ಯಾಜೆಟ್ ಬಗ್ಗೆ ಮುಂದಿನ ಸಲ ಬರೆಸುವಾಗ ಡಾಲರ್ ಬೆಲೆ, ಅಮೆರಿಕದ ಬಿಡುಗಡೆ ದಿನಾಂಕ ಅಷ್ಟೇ ಹಾಕಿ ಬಿಡಬೇಡಿ. ಇಲ್ಲಿ ಎಷ್ಟಕ್ಕೆ ಸಿಗುತ್ತದೆ, ವಾರಂಟಿ ಇಲ್ಲಿ ನಡೆಯುತ್ತದೆಯಾ, ಸ್ಟಿಕ್ ಹೋದರೆ ಯಾರು ರಿಪೇರಿ ಮಾಡುತ್ತಾರೆ, ಎಷ್ಟು ತಗೊಳ್ಳುತ್ತಾರೆ ಅಂತ ಯಾರನ್ನಾದರೂ ಎಸ್‌ಪಿ ರೋಡ್‌ಗೆ ಕಳಿಸಿ ಕೇಳಿಸಿ ಹಾಕಿ. ಶನಿವಾರ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ಇಂತಿ,
ನಿಮ್ಮ ಓದುಗ, ತುಮಕೂರು