ನಮ್ಮೂರಿನ ಅಂಕಿ ನಮ್ಮೂರಿಗೂ ತಿರುಗಿ ಬರಲಿ

ಮಾನ್ಯ ಸಂಪಾದಕರೇ,

ಬೈಲಹೊಂಗಲ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಆರೋಗ್ಯ ಸಹಾಯಕಿಯಾಗಿದ್ದಾಗ ಗರ್ಭಿಣಿಯರ ನೋಂದಣಿಗೆಂದು ಒಂದು ಮನೆಗೆ ಹೋಗಿದ್ದೆ. ಸೊಸೆಯ ತೂಕ, ರಕ್ತದೊತ್ತಡ, ಕೊನೆಯ ಮುಟ್ಟಿನ ದಿನಾಂಕ ಎಲ್ಲವನ್ನೂ ನಾನು ಬರೆದುಕೊಳ್ಳುವುದನ್ನು ನೋಡುತ್ತ ಕುಳಿತಿದ್ದ ಅತ್ತೆ, ‘ಅಕ್ಕಾರ, ಬಂದಾಗೊಮ್ಮೆ ಬರಕೊಂಡ ಹೋಗತೀರಿ, ಬರದದ್ದು ಎಲ್ಲಿ ಹೋಗತೈತಿ?’ ಎಂದು ಕೇಳಿದರು. ಮೇಲಿನ ಆಫೀಸಿಗೆ ಹೋಗುತ್ತದೆ ಎಂದು ಹೇಳಿ ಎದ್ದು ಬಂದೆ. ಹೇಳಿದ್ದು ಸುಳ್ಳಲ್ಲ, ಆದರೆ ಆ ತಾಯಿ ತಿಳಿಯಬಯಸಿದ್ದು ಅದನ್ನಲ್ಲ. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ತಮ್ಮ ಪತ್ರಿಕೆಯ ಮೂಲಕ ನಮ್ಮ ಜಿಲ್ಲೆಯ ಹಳ್ಳಿಗಳ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬರೆದುಕೊಂಡ ಅಂಕಿಗಳು ಎಲ್ಲೆಲ್ಲಿಗೆ ತಲುಪಿವೆ ಎಂಬುದು ಇಲ್ಲಿನ ಬಹಳ ಜನರಿಗೆ ಗೊತ್ತಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು 2002ರಿಂದ 2005ರವರೆಗೆ ಈ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಅಧ್ಯಯನ ನಡೆಸಿದರು. ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ ಹೆರಿಗೆಯಾದ 1620 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟವರು ನನ್ನಂತಹ ಸಹಾಯಕಿಯರೇ. ಹೆರಿಗೆಯ ನಂತರದ ಅತಿ ರಕ್ತಸ್ರಾವವು ಔಷಧವಿಲ್ಲದ ಗುಂಪಿನಲ್ಲಿ ಶೇ 12 ಇದ್ದರೆ, ಔಷಧ ಪಡೆದವರಲ್ಲಿ ಶೇ 6.4ಕ್ಕೆ ಇಳಿದಿತ್ತು. ಇದೇ ಕೆಲಸಕ್ಕೆ ಆಸ್ಪತ್ರೆಗಳಲ್ಲಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಣ್ಣಗೆ ಇಡಬೇಕು, ಚುಚ್ಚಲು ಬರುವ ಕೈ ಬೇಕು. ಕರೆಂಟೇ ಸರಿಯಾಗಿ ಇರದ ಊರಿನಲ್ಲಿ ಚೀಲದಲ್ಲಿ ಒಯ್ಯಬಹುದಾದ ಮಾತ್ರೆಯೊಂದು ಜೀವ ಉಳಿಸಬಲ್ಲದು ಎಂಬುದನ್ನು ತೋರಿಸಿಕೊಟ್ಟ ಈ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿಕೊಂಡಿತು.

ಆ ಅಧ್ಯಯನದಲ್ಲಿ ನಾನು ಇರಲಿಲ್ಲ. ಆದರೂ ಅದರ ಒಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಎಷ್ಟು ರಕ್ತ ಹೋಯಿತು ಎಂಬುದನ್ನು ಅಳೆಯಲು ಅವರು ಬಾಣಂತಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲವಿದ್ದು, ಹರಿದ ರಕ್ತ ಅದರಲ್ಲಿಯೇ ಸಂಗ್ರಹವಾಗುತ್ತದೆ. ಕಣ್ಣಂದಾಜಿನಲ್ಲಿ ಹೇಳಿದ ರಕ್ತದ ಪ್ರಮಾಣವನ್ನು ಹಾಳೆಯಲ್ಲಿ ಅಳೆದ ಪ್ರಮಾಣದೊಂದಿಗೆ ಬೆಳಗಾವಿಯಲ್ಲೇ ಹೋಲಿಸಿ ನೋಡಿದಾಗ, ಅಂದಾಜು ಶೇ 33ರಷ್ಟು ಕಡಿಮೆ ಇರುವುದು ಕಂಡುಬಂದಿತು. ನಾವೆಲ್ಲ ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ಹಳೆಯ ಸೀರೆ ಎಷ್ಟು ತೊಯ್ದಿದೆ, ಬಟ್ಟೆ ಎಷ್ಟು ಸಲ ಬದಲಾಯಿಸಬೇಕಾಯಿತು ಎಂಬುದನ್ನು ನೋಡಿ ‘ರಕ್ತಸ್ರಾವ ಸಾಧಾರಣ’ ಎಂದು ಬರೆಯುತ್ತಿದ್ದೆವು. ಮೂರು ಪಾಲಿನಲ್ಲಿ ಒಂದು ಪಾಲು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ ಎಂದು ತಿಳಿದ ದಿನ, ನಾನು ‘ಸಾಧಾರಣ’ ಎಂದು ಬರೆದ ಎಷ್ಟೋ ಬಾಣಂತಿಯರ ಮುಖಗಳು ಒಂದೊಂದಾಗಿ ನೆನಪಾದವು. ಇಂತಹದೇ ಅಳತೆ ಹಾಳೆಯನ್ನು ಬಳಸಿ ಕೂಡಲೇ ಚಿಕಿತ್ಸೆ ಆರಂಭಿಸುವ ಕ್ರಮವನ್ನು ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಲಾಗಿದೆ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳು ಒಟ್ಟಾರೆ ಶೇ 60ರಷ್ಟು ತಗ್ಗಿದವು. ಸರಿಯಾಗಿ ಅಳೆಯುವುದು ಎಂದರೆ ಬರಿಯ ಲೆಕ್ಕ ಇಡುವುದಲ್ಲ, ಅದು ಚಿಕಿತ್ಸೆಯ ಮೊದಲ ಹೆಜ್ಜೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕಂಡಿಲ್ಲ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2008ರಿಂದ ನಮ್ಮ ಭಾಗದ ಆಯ್ದ ಹಳ್ಳಿಗಳಲ್ಲಿ ಪ್ರತಿಯೊಬ್ಬ ಗರ್ಭಿಣಿಯನ್ನೂ ನೋಂದಾಯಿಸಿ, ಹೆರಿಗೆಯಾದ 42ನೇ ದಿನದವರೆಗೆ ತಾಯಿ-ಮಗುವಿನ ಸ್ಥಿತಿಯನ್ನು ದಾಖಲಿಸುವ ನೋಂದಣಿ ವ್ಯವಸ್ಥೆಯೊಂದು ನಡೆದುಬಂದಿದೆ. ಚೊಚ್ಚಲ ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಪೂರ್ವ ಹೆರಿಗೆಗಳು ಕಡಿಮೆಯಾಗುತ್ತವೆ ಎಂಬುದನ್ನು ಆರು ದೇಶಗಳ ಸುಮಾರು ಹನ್ನೆರಡು ಸಾವಿರ ಮಹಿಳೆಯರಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಬೆಳಗಾವಿಯ ತಾಯಂದಿರು ಇದ್ದಾರೆ.

ನನ್ನ ಕೊರಗು ಇರುವುದು ಇಲ್ಲಿಯೇ. ಈ ವಿಷಯವನ್ನು ಆ ತಾಯಂದಿರ ಊರುಗಳಲ್ಲಿ ಕುಳಿತು ಕನ್ನಡದಲ್ಲಿ ಹೇಳಿದ ಸಭೆಯೊಂದರಲ್ಲಿಯೂ ಪಾಲ್ಗೊಂಡ ನೆನಪು ನನಗಿಲ್ಲ. ಸಂಶೋಧನೆಯ ಮಾತು ಹಾಗಿರಲಿ, ನಮ್ಮದೇ ಇಲಾಖೆಯ ತಿಂಗಳ ವರದಿಯೂ ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ ಏರಿ ಹೋಗುತ್ತದೆಯೇ ಹೊರತು ಇಳಿದು ಬರುವುದಿಲ್ಲ. ಆಶಾ ಕಾರ್ಯಕರ್ತೆಯು ಒಂದೇ ಗರ್ಭಿಣಿಯ ವಿವರವನ್ನು ತನ್ನ ಡೈರಿಯಲ್ಲಿ, ತಾಯಿ ಕಾರ್ಡಿನಲ್ಲಿ, ಮತ್ತೆ ಮೊಬೈಲಿನಲ್ಲಿ ಬರೆಯುತ್ತಾಳೆ. ಬರೆದದ್ದು ಯಾರ ಉಪಯೋಗಕ್ಕೆ ಎಂಬುದು ಕಾಣದಿದ್ದಾಗ ಬರೆಯುವ ಕೈ ಸಡಿಲವಾಗುತ್ತದೆ. ಸಾಹ್ಲಿ ಮಾಪಕದಲ್ಲಿ ಬಣ್ಣ ಹೋಲಿಸಿ ರಕ್ತದ ಹಿಮೋಗ್ಲೋಬಿನ್ (ಇದು ಕಡಿಮೆಯಾದರೆ ಅದೇ ರಕ್ತಹೀನತೆ) ನೋಡುತ್ತಿದ್ದ ದಿನಗಳಲ್ಲಿ ಸಂಶಯ ಬಂದಾಗಲೆಲ್ಲ ‘10 ಗ್ರಾಂ’ ಎಂದು ಬರೆದು ಮುಂದೆ ಹೋದದ್ದು ನನ್ನಿಂದಲೂ ಆಗಿದೆ. ಅದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಇಂತಹ ರಾಜ್ಯದಲ್ಲಿ ಅಂದಾಜಿನ ಹತ್ತು ಗ್ರಾಮಿಗೆ ಬೆಲೆ ತೆರುವವಳು ಬಾಣಂತಿ.

ದೊಡ್ಡ ಸಮೀಕ್ಷೆಗಳಿರುವಾಗ ಹಳ್ಳಿಯ ರಿಜಿಸ್ಟರು ಏಕೆ ಎಂದು ಕೆಲವರು ಕೇಳಬಹುದು. ಆ ಸಮೀಕ್ಷೆಯು ದೇಶದ 707 ಜಿಲ್ಲೆಗಳಲ್ಲಿ ಸುಮಾರು 6.37 ಲಕ್ಷ ಮನೆಗಳನ್ನು ಸಂದರ್ಶಿಸಿದೆ, ಅಂದರೆ ಜಿಲ್ಲೆಗೆ ಸರಾಸರಿ ಒಂಬೈನೂರು ಮನೆ. 2011ರ ಜನಗಣತಿಯಲ್ಲಿಯೇ 47 ಲಕ್ಷ ದಾಟಿದ್ದ ಬೆಳಗಾವಿ ಜಿಲ್ಲೆಯ ಒಟ್ಟು ಚಿತ್ರವನ್ನು ಅದು ಕೊಡಬಹುದು. ಆದರೆ ಖಾನಾಪುರದ ಕಾಡಂಚಿನ ಊರಿಗೂ ಗೋಕಾಕದ ನೀರಾವರಿ ಊರಿಗೂ ಇರುವ ಅಂತರವನ್ನು ಅದು ಹೇಳಲಾರದು. ಅದನ್ನು ಹೇಳಬಲ್ಲದ್ದು ಉಪಕೇಂದ್ರದ ಪುಸ್ತಕ ಮಾತ್ರ.

ಆ ಪುಸ್ತಕದಲ್ಲಿಯೂ ನಮ್ಮ ಭಾಗಕ್ಕೇ ವಿಶೇಷವಾದ ಕೊರತೆಗಳಿವೆ. ಚೊಚ್ಚಲ ಬಾಣಂತನ ತವರಿನದ್ದು. ಏಳನೆಯ ತಿಂಗಳವರೆಗೆ ಗಂಡನ ಊರಿನ ಪಟ್ಟಿಯಲ್ಲಿದ್ದ ಹೆಸರು ಕುಬಸ (ಸೀಮಂತ) ಆದ ಮೇಲೆ ತವರಿಗೆ ಹೋಗುತ್ತದೆ, ಅಲ್ಲಿನ ಸಹಾಯಕಿ ಹೊಸದಾಗಿ ಬರೆದುಕೊಳ್ಳುತ್ತಾಳೆ ಅಥವಾ ಬರೆದುಕೊಳ್ಳುವುದೇ ಇಲ್ಲ. ಅಥಣಿ, ಕಾಗವಾಡ, ರಾಯಬಾಗ ಕಡೆಯವರು ಕಷ್ಟದ ಹೆರಿಗೆಗೆ ಮಿರಜ ಮತ್ತು ಸಾಂಗಲಿಯ ಆಸ್ಪತ್ರೆಗಳಿಗೆ ಹೋಗುವುದು ಇಂದು ನಿನ್ನೆಯ ರೂಢಿಯಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವಾಗಲಿ ಮರಣವಾಗಲಿ ಘಟಿಸಿದ ಸ್ಥಳದಲ್ಲಿಯೇ ನೋಂದಣಿಯಾಗಬೇಕು. ಹೀಗಾಗಿ ಮಿರಜಿನಲ್ಲಿ ಹುಟ್ಟಿದ ನಮ್ಮ ಕೂಸು ಮಹಾರಾಷ್ಟ್ರದ ದಾಖಲೆಗೆ ಸೇರುತ್ತದೆ, ಅಲ್ಲಿ ಕಣ್ಣು ಮುಚ್ಚಿದ ನಮ್ಮ ತಾಯಿಯೂ ಅಲ್ಲಿಯೇ ಸೇರುತ್ತಾಳೆ. ಕಾಯ್ದೆಯಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅತ್ಯಂತ ಗಂಭೀರವಾದ ಪ್ರಕರಣಗಳೇ ಗಡಿ ದಾಟುತ್ತವೆಯಾದ್ದರಿಂದ, ಗಡಿಯ ಊರುಗಳ ಅಂಕಿಗಳು ನಿಜ ಸ್ಥಿತಿಗಿಂತ ಹಸನಾಗಿ ಕಾಣುವ ಅಪಾಯವಿದೆ. ಇದನ್ನು ಸರಿಪಡಿಸಲು ಊರಿನವರ ನೆನಪಿಗಿಂತ ಒಳ್ಳೆಯ ಸಾಧನ ಇಲ್ಲ. ಈ ವರ್ಷ ಯಾರ ಮನೆಯಲ್ಲಿ ಬಾಣಂತಿ ತೀರಿಕೊಂಡಳು, ಎಲ್ಲಿ ತೀರಿಕೊಂಡಳು ಎಂಬುದು ಊರಿಗೆ ಗೊತ್ತಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವು ತನ್ನ ವ್ಯಾಪ್ತಿಯ ವರ್ಷದ ಅಂಕಿಗಳನ್ನು, ಅಂದರೆ ನೋಂದಣಿಯಾದ ಗರ್ಭಿಣಿಯರು, ತೀವ್ರ ರಕ್ತಹೀನತೆಯಿದ್ದವರು, ಹೆರಿಗೆಗಳು ಮತ್ತು ಅವು ಆದ ಸ್ಥಳ, ಕಡಿಮೆ ತೂಕದ ಮಕ್ಕಳು, ಶಿಶುಮರಣ, ತಾಯಿಮರಣ ಇವುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಓದಿದ ಮೇಲೆ ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಜನರನ್ನೇ ಕೇಳಬೇಕು. ಹೆಸರುಗಳನ್ನು ಎಲ್ಲಿಯೂ ಹೇಳಕೂಡದು. ಸಣ್ಣ ಊರಿನಲ್ಲಿ ಒಂದು ಸಾವಿನ ವಿವರ ಹೇಳಿದರೆ ಹೆಸರು ಹೇಳಿದಂತೆಯೇ ಆಗುವುದರಿಂದ, ಸಾವಿನ ಕಾರಣಗಳ ಚರ್ಚೆಯು ಸಂಬಂಧಪಟ್ಟ ಕುಟುಂಬ ಮತ್ತು ವೈದ್ಯಾಧಿಕಾರಿಗಳ ನಡುವೆಯೇ ನಡೆಯಲಿ. ಪ್ರತಿ ಊರಿನಲ್ಲಿ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಈಗಾಗಲೇ ಇದೆ, ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಮುಕ್ತ ನಿಧಿಯನ್ನು ಅದಕ್ಕೆ ನಿಗದಿಪಡಿಸಲಾಗಿದೆ. ಆ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ತೀರ್ಮಾನಿಸಲು ಸಮಿತಿಯ ಮುಂದೆ ಈ ಅಂಕಿಗಳಾದರೂ ಇರಬೇಡವೇ? ನಮ್ಮ ಹಳ್ಳಿಗಳಲ್ಲಿ ಅಧ್ಯಯನ ನಡೆಸುವ ಸಂಸ್ಥೆಗಳೂ ಫಲಿತಾಂಶ ಪ್ರಕಟವಾದ ವರ್ಷವೇ ಆ ಊರುಗಳಿಗೆ ಬಂದು ಕನ್ನಡದಲ್ಲಿ ವಿವರಿಸುವುದನ್ನು ಕಡ್ಡಾಯ ಮಾಡಿಕೊಳ್ಳಲಿ.

ಗ್ರಾಮಸಭೆಯ ಸೂಚನಾಪತ್ರದಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಲು ಹೊಸ ಅನುದಾನ ಬೇಕಾಗಿಲ್ಲ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಒಂದು ಸುತ್ತೋಲೆ ಸಾಕು. ಅದನ್ನು ಮುಂದಿನ ಸುತ್ತಿನ ಗ್ರಾಮಸಭೆಗಳಿಗೆ ಮೊದಲೇ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ